ಹಿಂದಿನ ಸೀಟಿನವಳು ನೋಡಿದ ಕಟ್ಟೆ

ಕಳೆದ ವಾರ ನಮ್ಮ ಬೀದಿಗೆ ಹೊಸದಾಗಿ ಬಂದಿರುವ ಬೆಂಗಳೂರಿನ ಹುಡುಗಿಯೊಬ್ಬಳು ಕರಿಬೇವು ಕೇಳಿಕೊಂಡು ಮನೆಗೆ ಬಂದಳು. ಅಡಿಲೇಡಿನಲ್ಲಿ ಕರಿಬೇವಿನ ಗಿಡವನ್ನು ಬದುಕಿಸಿಕೊಂಡವರ ಮನೆಗೆ ಜನ ಬರುವುದು ನಿಲ್ಲುವುದಿಲ್ಲ. ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಅಲ್ಲಿ ಒಣಹಾಕಿದ್ದ ಬಟ್ಟೆಗಳ ನಡುವೆ ನನ್ನ ಸೈಕಲ್ ಚಡ್ಡಿ ನೇತಾಡುತ್ತಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ಮಂಡಿಯವರೆಗೆ ಬರುವ ಕಪ್ಪು ಬಿಗಿ ಚಡ್ಡಿ, ಕೂರುವ ಜಾಗಕ್ಕೆ ಒಳಗಡೆ ದಪ್ಪನೆಯ ಮೆತ್ತೆ ಹೊಲಿದಿರುತ್ತಾರೆ. ಬೇಗ ಒಣಗಲಿ ಎಂದು ನಾನು ಅದನ್ನು ಒಳಗು ಹೊರಗು ಮಾಡಿ ಹಾಕಿದ್ದೆ. ಹುಡುಗಿ ಮೆತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮೆತ್ತೆಯನ್ನು ನೋಡಿದಳು.

"ಆಂಟಿ, ತಪ್ಪು ತಿಳ್ಕೋಬೇಡಿ. ನಿಮಗೇನಾದ್ರೂ ಆಪರೇಷನ್ ಆಗಿತ್ತಾ?"

"ಇಲ್ಲಮ್ಮ, ಕೊರಿಯಾಕ್ಕೆ ಹೋಗಿದ್ದೆ" ಎಂದೆ.

ಅವಳಿಗೆ ಇನ್ನೂ ಗಾಬರಿಯಾಯಿತು. ಕರಿಬೇವಿನ ಜೊತೆ ಕಾಫಿಯನ್ನೂ ಕೊಟ್ಟು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಒಂದು ಮಾತು. ಸೈಕಲ್ಲಿಗೂ ನನಗೂ ಆಗಿಬರುವುದಿಲ್ಲ. ನಾನು ಬೆಳೆದದ್ದು ಶ್ರೀರಂಗಪಟ್ಟಣದ ಹತ್ತಿರ, ನಾಲೆಯ ಏರಿಯ ಕೆಳಗಿನ ಮನೆಯಲ್ಲಿ. ಅಣ್ಣನ ದೊಡ್ಡ ಸೈಕಲ್ಲಿನ ಕಂಬಿಗಳ ನಡುವೆ ಕಾಲು ತೂರಿಸಿ ಒಳಪೆಡಲ್ ಹೊಡೆಯುವುದನ್ನು ಕಲಿಯುತ್ತಿದ್ದೆ. ಏರಿಯ ಮೇಲೆ ಚೆನ್ನಾಗಿಯೇ ಹೋಗುತ್ತಿದ್ದವಳು ಎದುರಿಗೆ ಎಮ್ಮೆ ಬಂದಾಗ ಯಾವ ಕಡೆ ತಿರುಗಬೇಕು ಎಂದು ಯೋಚಿಸುತ್ತಾ ನಾಲೆಯ ಕಡೆ ತಿರುಗಿಬಿಟ್ಟೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನನ್ನನ್ನು ಜಡೆ ಹಿಡಿದು ಎಳೆದು ಹಾಕಿದರು. ಸೈಕಲ್ಲು ಸಿಕ್ಕಿದ್ದು ಮರುದಿನ. ಅಣ್ಣ ಸೈಕಲ್ಲಿಗಾಗಿ ರಾತ್ರಿಯೆಲ್ಲ ಅತ್ತ. ನನಗೆ ಏನಾಯಿತೆಂದು ಯಾರೂ ಕೇಳಲಿಲ್ಲ. "ಇನ್ನೊಂದ್ಸಲ ಅದನ್ನ ಮುಟ್ಟು, ಕಾಲು ಮುರಿದು ಕೂರಿಸ್ತೀನಿ" ಎಂದು ಅಮ್ಮ ಹೇಳಿದ್ದಷ್ಟೇ ನನ್ನ ಪಾಲಿಗೆ ಬಂದ ಕಕ್ಕುಲಾತಿ. ನಾನು ಒಳ್ಳೆಯ ಮಗಳಂತೆ ಕೂದಲು ನರೆಯುವವರೆಗೂ ಮುಟ್ಟಲಿಲ್ಲ.

ಆಮೇಲೆ ಮುಟ್ಟಿಸಿದವಳು ಜೆಸಿಂತ.

ಜೆಸಿಂತ, ಶಾಹಿದಾ, ನಾನು, ಮೂವರೂ ಮೈಸೂರಿನ ಹಾಸ್ಟೆಲ್ಲಿನ ಒಂದೇ ಕೋಣೆಯವರು. ಜೀವನ ನಮ್ಮನ್ನು ಎತ್ತಿ ಒಂದೇ ದೇಶಕ್ಕೆ ಹಾಕಿತು, ಆದರೆ ಮೂರು ಮೂಲೆಗೆ. ಜೆಸಿಂತ ಪರ್ತ್‌ನಲ್ಲಿ, ಶಾಹಿದಾ ಬ್ರಿಸ್ಬೇನಿನಲ್ಲಿ, ನಾನು ಇಲ್ಲಿ. ಭಾನುವಾರ ಮೂವರೂ ಫೋನಿನಲ್ಲಿ ಸೇರುತ್ತೇವೆ. ಪರ್ತ್‌ನವಳು ಹಲ್ಲುಜ್ಜುತ್ತಿರುತ್ತಾಳೆ, ಬ್ರಿಸ್ಬೇನಿನವಳು ಅಡಿಗೆಗೆ ಇಟ್ಟಿರುತ್ತಾಳೆ, ನಡುವೆ ನಮ್ಮ ಅಡಿಲೇಡಿನ ಗಡಿಯಾರದ್ದು ಯಾವಾಗಲೂ ಅರ್ಧ ಗಂಟೆಯ ತಕರಾರು.

ಶಾಹಿದಾ ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿ ಬಡಾವಣೆಯ ಆಫೀಸೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಹಾಸ್ಟೆಲ್ಲಿನಲ್ಲೂ ನಮ್ಮಿಬ್ಬರ ಸ್ನಾನದ ಸರದಿಯನ್ನು ಅವಳೇ ನಿರ್ಧರಿಸುತ್ತಿದ್ದಳು. ತಲೆಗೆ ಸ್ಕಾರ್ಫ್ ಕಟ್ಟಿ, ಅದರ ಮೇಲೆ ಹೆಲ್ಮೆಟ್ ಇಟ್ಟು, ನದಿಯ ಪಕ್ಕದ ದಾರಿಯಲ್ಲಿ ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಾಳೆ. ಜೆಸಿಂತ ನೀರಿನ ಎಂಜಿನಿಯರು. ಪರ್ತ್ ಸಿಟಿಯ ಎತ್ತರದ ಕಟ್ಟಡವೊಂದರಲ್ಲಿ ಕೂತು ಯಾವ್ಯಾವುದೋ ದೇಶದ ನದಿಗಳ ಲೆಕ್ಕ ಹಾಕುತ್ತಿದ್ದಳು. "ಕಿಟಕಿಯಿಂದ ನೋಡಿದ್ರೆ ಸ್ವಾನ್ ನದಿ. ಅದು ಹರಿಯೋದೇ ಕಾಣಲ್ಲ ಕಣ್ರೇ, ಕೆರೆ ಥರ ಬಿದ್ಕೊಂಡಿರತ್ತೆ" ಎಂದು ಗೊಣಗುತ್ತಿದ್ದಳು. ಅವಳ ಮೇಜಿನ ಎದುರಿನ ಗೋಡೆಯಲ್ಲಿ ಕೊರಿಯಾದ ನದಿಯೊಂದರ ಚಿತ್ರವಿತ್ತು. ನದಿಗೆ ಅಡ್ಡಲಾಗಿ ಉದ್ದನೆಯ ಸೇತುವೆ, ಸೇತುವೆಯ ಕೆಳಗೆ ಉಕ್ಕಿನ ಬಾಗಿಲುಗಳು, ಕಂಬಗಳ ನೆತ್ತಿಯಲ್ಲಿ ಬೆಳ್ಳಕ್ಕಿಯ ಮೊಟ್ಟೆಯಂಥ ಬಿಳಿ ಗುಂಡುಗಳು. ಅಂಥ ಬಾಗಿಲುಗಳ ಬಗ್ಗೆ ಅವಳು ವರ್ಷಗಟ್ಟಲೆ ಕೆಲಸ ಮಾಡಿದ್ದಳಂತೆ. ಒಂದನ್ನೂ ಕಣ್ಣಾರೆ ನೋಡಿರಲಿಲ್ಲ.

ಒಂದು ಭಾನುವಾರ ಅವಳು ಕೆಲಸ ಬಿಟ್ಟೆ ಎಂದಳು. ಕಾರಣ ಕೇಳಿದೆವು.

"ವಸೂ, ಒಂದು ಪೇಪರ್ ತಗೋ. ಸುರುಳಿ ಸುತ್ತಿ ಕಣ್ಣಿಗೆ ಹಿಡ್ಕೊ. ಏನು ಕಾಣತ್ತೆ?"

ನಾನು ಹಾಗೆಯೇ ಮಾಡಿದೆ. ನನ್ನ ಅಡಿಗೆಮನೆಯೆಲ್ಲ ಮಾಯವಾಗಿ ಒಂದು ಉಪ್ಪಿನ ಡಬ್ಬಿ ಮಾತ್ರ ಉಳಿಯಿತು.

"ಅಷ್ಟೇ ಕಾಣೋದು ಈಗ ನನಗೆ. ಸುತ್ತ ಇರೋದೆಲ್ಲ ಹೋಗಿದೆ. ಸಂಜೆ ಆದ್ರೆ ಅದೂ ಇಲ್ಲ. ಕೊಳವೆ ಇನ್ನೂ ಸಣ್ಣ ಆಗ್ತಾ ಹೋಗತ್ತಂತೆ. ಎಷ್ಟು ಬೇಗ ಅಂತ ಡಾಕ್ಟ್ರಿಗೂ ಗೊತ್ತಿಲ್ಲ."

ನನಗೆ ಸುರುಳಿಯನ್ನು ಕಣ್ಣಿಂದ ತೆಗೆಯಲೇ ಆಗಲಿಲ್ಲ. ಶಾಹಿದಾಳ ಕಡೆಯಿಂದ ಕುಕ್ಕರ್ ಕೂಗಿತು, ಯಾರೂ ಆರಿಸಲಿಲ್ಲ. ಕೊನೆಗೆ ಜೆಸಿಂತಳೇ ಮಾತಾಡಿದಳು.

"ಅಳೋರು ಅತ್ಬಿಡಿ, ಆಮೇಲೆ ಕೇಳಿ. ಗೋಡೆ ಚಿತ್ರದಲ್ಲಿತ್ತಲ್ಲ, ಆ ಕಟ್ಟೆ ನಾನು ನೋಡ್ಬೇಕು."

ನಾವು ಕಾವೇರಿ ತೀರದವರು ಅದನ್ನು ಕಟ್ಟೆ ಎನ್ನುತ್ತೇವೆ. ಅಣೆಕಟ್ಟು ಬೇರೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಟ್ಟೆ ನೀರಿನ ಮಟ್ಟವನ್ನು ಒಂದಿಷ್ಟು ಎತ್ತಿ ಹರಿದುಹೋಗಲು ಬಿಡುತ್ತದೆ. ಕೊರಿಯಾದ ದೊಡ್ಡ ನದಿಗಳ ಮೇಲೆ ಇಂಥವು ಹಲವಾರು ಇವೆ. ಕಟ್ಟಿದ್ದು ಸರಿಯೋ ತಪ್ಪೋ ಎಂದು ಅಲ್ಲಿಯವರು ಇನ್ನೂ ಜಗಳವಾಡುತ್ತಾರಂತೆ. ಈ ಕಟ್ಟೆಗಳನ್ನು ಒಂದಕ್ಕೊಂದು ಪೋಣಿಸಿದಂತೆ ನದಿಯುದ್ದಕ್ಕೂ ಸೈಕಲ್ ದಾರಿ ಮಾಡಿದ್ದಾರೆ.

"ಟ್ಯಾಕ್ಸೀಲಿ ಹೋಗೋಣ" ಎಂದೆ ನಾನು.

"ಟ್ಯಾಕ್ಸೀಲಿ ಹೋದ್ರೆ ಬಾಗಿಲು ತೆಗೆದ ತಕ್ಷಣ ಕಟ್ಟೆ. ನನಗೆ ನದಿ ಜೊತೆ ಹೋಗಿ ಸೇರ್ಬೇಕು. ಇಬ್ರು ತುಳಿಯೋ ಸೈಕಲ್ ಇರತ್ತಲ್ಲ, ಟ್ಯಾಂಡೆಮ್ಮು, ಅದ್ರಲ್ಲಿ ನಾನು ಹಿಂದೆ ಕೂತ್ಕೋತೀನಿ."

"ಸರಿ, ಶಾಹಿದಾ ಮುಂದೆ" ಎಂದೆ.

"ಶಾಹಿದಾ ಬೇಡ. ಅವಳು ಮಾತಾಡಲ್ಲ. ಹಿಂದೆ ಕೂತೋರಿಗೆ ಉಬ್ಬು ಬಂತು, ತಿರುವು ಬಂತು, ಬ್ರೇಕ್ ಹಾಕ್ತೀನಿ ಅಂತ ಬಾಯಲ್ಲಿ ಹೇಳ್ತಾನೇ ಇರ್ಬೇಕು. ನಿನ್ನ ಬಿಟ್ರೆ ಯಾರಿದಾರೆ?"

"ಲೇ, ನಂಗೆ ಸೈಕಲ್ಲೇ ಬರಲ್ಲ!"

"ಕಲೀತೀಯ" ಎಂದಳು. ಇವತ್ತು ಸೊಪ್ಪಿನ ಸಾರು ಮಾಡ್ತೀಯ ಎನ್ನುವ ಧ್ವನಿಯಲ್ಲಿ.

ಊಟದ ಹೊತ್ತಿನಲ್ಲಿ ಈ ವಿಷಯ ಹೇಳಿದಾಗ ನನ್ನ ಮಗಳು ಚಮಚ ಕೆಳಗಿಟ್ಟು, "ಮಮ್, ಯೂ ಕಾಂಟ್ ಈವನ್ ಪಾರ್ಕ್ ದ ಕಾರ್" ಎಂದಳು. ಗಂಡ ಮಾರನೆಯ ದಿನ ಹೆಲ್ಮೆಟ್ ತಂದುಕೊಟ್ಟರು. ಅದು ಪ್ರೋತ್ಸಾಹವೋ ಎಚ್ಚರಿಕೆಯೋ ಇವತ್ತಿಗೂ ಗೊತ್ತಾಗಿಲ್ಲ.

ಕಲಿತೆ. ನಮ್ಮ ಟೊರೆನ್ಸ್ ನದಿಯ ಪಕ್ಕದ ದಾರಿಯಲ್ಲಿ, ಬೆಳಗಿನ ವಾಕಿಂಗಿನವರನ್ನೆಲ್ಲ ಹುಲ್ಲಿನ ಮೇಲಕ್ಕೆ ಓಡಿಸುತ್ತಾ ಕಲಿತೆ. ಒಬ್ಬ ಅಜ್ಜ ತನ್ನ ನಾಯಿಯನ್ನು ಎತ್ತಿಕೊಂಡು ನಿಂತು ನಾನು ದಾಟಿಹೋಗುವವರೆಗೂ ಕಾಯುತ್ತಿದ್ದ. ಬಾತುಕೋಳಿಗಳಿಗೂ ನನ್ನ ಗುರುತು ಹತ್ತಿತು. ಬಿದ್ದೆ, ಎದ್ದೆ, ಮೆತ್ತೆಯ ಚಡ್ಡಿ ಕೊಂಡೆ. ಚಳಿಗಾಲ ಮುಗಿಯುವ ಹೊತ್ತಿಗೆ ಜೆಸಿಂತ ವಿಮಾನದಲ್ಲಿ ಬಂದು ನಮ್ಮ ಮನೆಯಲ್ಲಿ ಉಳಿದಳು. ಗೆಳೆಯರೊಬ್ಬರ ಹಳೆಯ ಟ್ಯಾಂಡೆಮ್ ತಂದೆವು. ಮುಂದಿನವಳು ತಪ್ಪಿದರೆ ಹಿಂದಿನವಳಿಗೆ ಮಾಡಲು ಏನೂ ಇಲ್ಲ. ಹ್ಯಾಂಡಲ್ ತಿರುಗುವುದಿಲ್ಲ, ಬ್ರೇಕಿಲ್ಲ, ಇರುವುದು ಪೆಡಲು ಮತ್ತು ನಂಬಿಕೆ. ನಾನು ಮೊದಲ ದಿನವೇ ಅವಳನ್ನು ಪೊದೆಯೊಂದಕ್ಕೆ ನುಗ್ಗಿಸಿದೆ. ಅವಳು ಕೂದಲಿನಿಂದ ಎಲೆ ತೆಗೆದುಕೊಳ್ಳುತ್ತಾ, "ಪೊದೆ ಅಂತ ಹೇಳ್ಬೇಕಿತ್ತು ನೀನು" ಎಂದಳು, ಅಷ್ಟೇ. ಅಂದಿನಿಂದ ನನ್ನ ಬಾಯಿಗೆ ಉದ್ಯೋಗ ಸಿಕ್ಕಿತು. ಶಾಲೆಯ ಮೇಷ್ಟರಿಂದ ಹಿಡಿದು ಗಂಡನವರೆಗೆ ಎಲ್ಲರೂ ಮುಚ್ಚಿಸಲು ನೋಡಿದ ಬಾಯಿ ಅದು.

ಅಕ್ಟೋಬರಿನಲ್ಲಿ ಹೊರಟೆವು. ಸೋಲ್ ನಗರದಿಂದ ರೈಲಿನಲ್ಲಿ ನದಿಯ ಪಕ್ಕದ ಒಂದು ಊರಿಗೆ ಹೋಗಿ, ಶಾಹಿದಾ ಮೊದಲೇ ಗೊತ್ತುಮಾಡಿದ್ದ ಅಂಗಡಿಯಲ್ಲಿ ಒಂದು ಟ್ಯಾಂಡೆಮ್ಮನ್ನೂ ಅವಳಿಗೊಂದು ಸೈಕಲ್ಲನ್ನೂ ಬಾಡಿಗೆಗೆ ತೆಗೆದುಕೊಂಡೆವು. ಅವಳ ಯೋಜನೆ ಸ್ಪಷ್ಟವಾಗಿತ್ತು. ಮಧ್ಯಾಹ್ನದೊಳಗೆ ಕಟ್ಟೆ ಸೇರುವುದು, ಫೋಟೋ ತೆಗೆಯುವುದು, ಅಲ್ಲಿಗೆ ಬರುವ ವ್ಯಾನಿನಲ್ಲಿ ಸೈಕಲ್ ಹಾಕಿಕೊಂಡು ವಾಪಸ್ಸಾಗುವುದು.

ದಾರಿಯ ಮೇಲೆ ನೀಲಿ ಗೆರೆಯೊಂದನ್ನು ಎಳೆದಿದ್ದರು. ಅದನ್ನು ಹಿಡಿದು ಹೋದರೆ ಸಾಕು. ಎಡಕ್ಕೆ ನದಿ, ಬಲಕ್ಕೆ ಕೊಯ್ಲಿಗೆ ಬಂದ ಭತ್ತದ ಗದ್ದೆ. ಭತ್ತದ ವಾಸನೆಗೆ ನಮ್ಮೂರಿನ ಏರಿಯ ಮೇಲೇ ಹೋಗುತ್ತಿದ್ದೇನೆ ಅನಿಸಿತು, ಸದ್ಯ ಎಮ್ಮೆ ಇರಲಿಲ್ಲ. ನಾನು ವರದಿ ಒಪ್ಪಿಸುತ್ತಲೇ ಇದ್ದೆ. "ಸಣ್ಣ ಉಬ್ಬು... ಎಡಕ್ಕೆ ವಾಲು... ಗುಲಾಬಿ ಬಣ್ಣದ ಹೂವು ಕಣೇ, ದಾರಿ ಪೂರ್ತಿ... ಎದುರಿಗೆ ಸೈಕಲ್‌ನವರು, ಮುಖ ಎಲ್ಲ ಮುಚ್ಕೊಂಡಿದಾರೆ, ಡಕಾಯಿತರ ಥರ..." ಆ ಡಕಾಯಿತರು ಹತ್ತಿರ ಬಂದಾಗ ನಮ್ಮ ವಯಸ್ಸಿನ ಹೆಂಗಸರು. ಎರಡು ಸೀಟಿನ ಸೈಕಲ್ಲನ್ನೂ ನಮ್ಮ ಮೂತಿಗಳನ್ನೂ ನೋಡಿ "ಫೈಟಿಂಗ್!" ಎಂದು ಮುಷ್ಟಿ ಎತ್ತಿ ಕೂಗಿ ಹೋದರು.

"ಯಾಕೆ ಜಗಳಕ್ಕೆ ಬರ್ತಿದಾರೆ?" ಎಂದು ಕೇಳಿದೆ.

"ಶಾಭಾಷ್ ಅನ್ನೋದು ಹಾಗೆ ಇಲ್ಲಿ" ಎಂದಳು ಶಾಹಿದಾ.

ಆಮೇಲೆ ಗುಡ್ಡ ಬಂತು. ನದಿಯ ಪಕ್ಕದ ದಾರಿಯಲ್ಲಿ ಗುಡ್ಡಕ್ಕೇನು ಕೆಲಸ ಎಂದು ನೀವು ಕೇಳಬಹುದು. ನಾನೂ ಕೇಳಿದೆ, ಜೋರಾಗಿ. ನೀಲಿ ಗೆರೆ ಉತ್ತರ ಕೊಡದೆ ಮೇಲಕ್ಕೆ ಹೋಯಿತು. ಅರ್ಧಕ್ಕೆ ಇಳಿದು ಟ್ಯಾಂಡೆಮ್ಮನ್ನು ತಳ್ಳಿದೆವು. ನೆತ್ತಿಯ ಮೇಲೆ ಆ ಹೆಂಗಸರಂಥದೇ ಇನ್ನೊಂದು ಗುಂಪು ಕೂತು ಸೌತೆಕಾಯಿ ತಿನ್ನುತ್ತಿತ್ತು. ಒಬ್ಬಾಕೆ ನಮಗೂ ಒಂದೊಂದು ಮುರಿದುಕೊಟ್ಟಳು. ಹಾಸ್ಟೆಲ್ಲಿನ ಗೇಟಿನ ಹೊರಗೆ ಉಪ್ಪುಕಾರ ಹಚ್ಚಿ ಕೊಡುತ್ತಿದ್ದ ಸೌತೆಕಾಯಿ ನೆನಪಾಗಿ ಮೂವರೂ ಒಟ್ಟಿಗೆ "ಉಪ್ಪುಕಾರ!" ಎಂದೆವು. ಆಕೆಗೆ ಏನರ್ಥವಾಯಿತೋ, ಅವಳೂ ನಕ್ಕಳು.

ಹತ್ತಿದ್ದನ್ನು ಇಳಿಯಬೇಕಲ್ಲ. ಶಾಹಿದಾ ಮುಂದೆ ಹೋಗಿ ಕಾಣದಾದಳು. ನಾವು ಹೊರಟೆವು. ಎರಡು ಜನರ ಭಾರ, ಒಂದು ಇಳಿಜಾರು. ಸೈಕಲ್ಲು ನಾನು ಕಂಡರಿಯದ ವೇಗ ಹಿಡಿಯಿತು. ಮೊದಮೊದಲು ಹೇಳುತ್ತಿದ್ದೆ, ಬಲಕ್ಕೆ ತಿರುವು, ಈಗ ಬ್ರೇಕ್. ಆಮೇಲೆ ಎದುರಿನ ತಿರುವಿನಲ್ಲಿ ಉದುರಿದ ಎಲೆಗಳ ರಾಶಿ ಕಾಣಿಸಿತು. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಎರಡು ಬ್ರೇಕನ್ನೂ ಒಟ್ಟಿಗೆ ಹಿಂಡಿದೆ. ಹಿಂದಿನ ಚಕ್ರ ಜಾರಿ, ಇಬ್ಬರೂ ಸೈಕಲ್ಲಿನ ಸಮೇತ ದಾರಿಯ ಅಂಚಿನ ಹುಲ್ಲಿಗೆ ಹೋಗಿ ಬಿದ್ದೆವು.

ಎದ್ದು ನೋಡಿದರೆ ಜೆಸಿಂತಳ ಮೊಣಕೈಯ ಚರ್ಮ ಕಿತ್ತು ರಕ್ತ ಸುರಿಯುತ್ತಿತ್ತು. ಅವಳು ಕೂತಲ್ಲೇ ಕೈ ಚಾಚಿ ಗಾಳಿಯಲ್ಲಿ ನನ್ನನ್ನು ಹುಡುಕುತ್ತಿದ್ದಳು. ಕನ್ನಡಕ ಎಲ್ಲೋ ಬಿದ್ದಿತ್ತು. ಅಲ್ಲಿಯವರೆಗೆ ಅವಳ ಕಣ್ಣಿನ ವಿಷಯ ನನಗೆ ಕೇಳಿದ ಸುದ್ದಿಯಾಗಿತ್ತು. ಈಗ ಒಂದು ಗೇಣು ದೂರದಲ್ಲಿ ನಿಂತಿದ್ದ ನನ್ನನ್ನು ಅವಳು ಕಾಣಳು.

ಕನ್ನಡಕ ಹುಡುಕಿ ಅವಳ ಕೈಗಿಟ್ಟೆ. ಶಾಹಿದಾ ತಿರುಗಿ ಹತ್ತಿಕೊಂಡು ಬಂದಳು, ಔಷಧಿ ಚೀಲ ಬಿಚ್ಚಿ ಗಾಯ ತೊಳೆದು ಪಟ್ಟಿ ಕಟ್ಟಿದಳು. ನಾನು ಹುಲ್ಲಿನ ಮೇಲೆ ಕೂತು ಹೇಳಿಬಿಟ್ಟೆ, "ನನ್ನ ಕೈಲಾಗಲ್ಲ. ವ್ಯಾನ್ ಇಲ್ಲಿಗೇ ಕರೆಸು ಶಾಹಿದಾ. ಇವಳನ್ನ ಕೊಲ್ಲಕ್ಕೆ ನಾನು ಬಂದಿಲ್ಲ."

ಶಾಹಿದಾ ಫೋನ್ ತೆಗೆದಳು. ಜೆಸಿಂತ ಅವಳ ಮಣಿಕಟ್ಟು ಹಿಡಿದಳು.

"ಬೇಡ. ವಸೂ, ಇಲ್ಲಿ ಕೇಳು. ಬಿದ್ದಿದ್ದಕ್ಕೆ ನನಗೇನೂ ಆಗಿಲ್ಲ. ಮನೇಲಿ ದಿನಾ ಬೀಳ್ತೀನಿ, ಸೋಫಾಗೆ ಎಡವಿ, ಬಾಗಿಲಿಗೆ ಹೊಡ್ಕೊಂಡು. ನೀನು ಮಾತು ನಿಲ್ಲಿಸಿದ್ಯಲ್ಲ, ಅದಕ್ಕೆ ಭಯ ಆಯ್ತು. ಹೆದರಿಕೆ ಆದ್ರೆ ಹೆದರಿಕೆ ಆಗ್ತಿದೆ ಅಂತ ಹೇಳು, ಆದ್ರೆ ಬಾಯಿ ಬಿಟ್ಟು ಹೇಳು. ಇಬ್ರೂ ಹೆದರ್ಕೊಂಡೇ ಹೋಗೋಣ."

"ಮತ್ತೆ ಬೀಳಿಸಿದ್ರೆ?"

"ಮತ್ತೆ ಏಳ್ತೀವಿ. ಮುಂದಿನ ವರ್ಷ ನೀನು ನನ್ನ ಎಷ್ಟು ಹುಷಾರಾಗಿ ಕರ್ಕೊಂಡು ಬಂದ್ರೂ ನನಗೆ ಆ ಕಟ್ಟೆ ಕಾಣದೇ ಇರ್ಬಹುದು ಕಣೇ. ಏಳು."

ಎದ್ದೆ. ಆ ಇಳಿಜಾರಿನ ಉಳಿದ ಭಾಗವನ್ನು "ಹೆದರಿಕೆ, ಹೆದರಿಕೆ, ಎಡಕ್ಕೆ, ಹೆದರಿಕೆ, ಬ್ರೇಕ್" ಎಂದು ಕಿರುಚುತ್ತಲೇ ಇಳಿದೆ. ಎದುರಿಗೆ ಬಂದವರೆಲ್ಲ ಬದಿಗೆ ಸರಿದು ನಿಂತರು. ಹಿಂದಿನಿಂದ ಜೆಸಿಂತ ಹೊಟ್ಟೆ ಹಿಡಿದು ನಗುತ್ತಿದ್ದದ್ದು ಸೀಟಿನ ಮೂಲಕ ನನ್ನ ಬೆನ್ನಿಗೂ ಗೊತ್ತಾಗುತ್ತಿತ್ತು.

ಕಟ್ಟೆ ಮೊದಲು ಕೇಳಿಸಿತು, ಅವಳಿಗೆ. "ಬಂತು" ಎಂದಳು. ನನಗೆ ಗಾಳಿಯ ಸದ್ದಷ್ಟೇ ಇತ್ತು. ಒಂದು ತಿರುವು ಕಳೆದ ಮೇಲೆ ಮರಗಳ ಸಂದಿನಲ್ಲಿ ಆ ಬಿಳಿ ಮೊಟ್ಟೆಗಳು ಸಾಲಾಗಿ ಕಾಣಿಸಿಕೊಂಡವು. ನಾನು ಬಾಯಿ ತುಂಬಾ ವರ್ಣನೆ ಶುರುಮಾಡಿದೆ.

"ಈಗ ಸ್ವಲ್ಪ ಸುಮ್ನಿರು" ಎಂದಳು ಜೆಸಿಂತ. "ಇದನ್ನ ನಾನೇ ನೋಡ್ತೀನಿ."

ಸೇತುವೆಯ ಮೇಲೆ ಹೋಗಿ ಅವಳು ಕಟಕಟೆಗೆ ಹೊಟ್ಟೆ ಒತ್ತಿ ನಿಂತಳು. ನಾವಿಬ್ಬರೂ ಒಂದೇ ನೋಟಕ್ಕೆ ಎಲ್ಲವನ್ನೂ ನೋಡಿ ಮುಗಿಸಿದೆವು: ಮೇಲೆ ನಿಶ್ಚಲ ನೀರು, ಬಾಗಿಲುಗಳು, ಕೆಳಗೆ ನೊರೆ. ಅವಳಿಗೆ ಹಾಗಲ್ಲ. ಎಡದಡದಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಕತ್ತು ತಿರುಗಿಸುತ್ತಾ, ಒಂದು ಬಾಗಿಲಿನ ಮೇಲಂಚು, ಅಲ್ಲಿಂದ ಕೆಳಗೆ, ಮತ್ತೆ ಮೇಲೆ, ಪಕ್ಕದ ಕಂಬ, ಹೀಗೆ ಹರಿದ ಸೀರೆಗೆ ಹೊಲಿಗೆ ಹಾಕುವವಳಂತೆ ನೋಡುತ್ತಾ ಹೋದಳು. ನಡುನಡುವೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. "ಹಾಂ, ಇಲ್ಲಿಂದ ದಾಟ್ತಿದೆ... ಎಷ್ಟು ತೆಳ್ಳಗಿದೆ ನೀರು, ಗಾಜಿನ ಥರ... ಕೆಳಗೆ ಹೋಗಿ ತಿರುಗ್ತಿದೆ, ಸರಿ, ಹಾಗೇ ತಿರುಗ್ಬೇಕು..." ಬಲದಡಕ್ಕೆ ಬಂದಾಗ ಮೀನು ಹತ್ತಲೆಂದು ಮಾಡಿದ ಮೆಟ್ಟಿಲುಗಳಲ್ಲಿ ಅವಳ ನೋಟ ನಿಂತಿತು. "ಅಲ್ಲೊಂದು ಬೆಳ್ಳಕ್ಕಿ ಕಾಯ್ತಾ ಇದೆ, ನೋಡಿದ್ರಾ?"

ನಾವು ನೋಡಿರಲಿಲ್ಲ. ಅವಳು ತೋರಿಸಿದ ಮೇಲೆ ನೋಡಿದೆವು.

ಶಾಹಿದಾಳ ಫೋನು ಹೊಡೆದುಕೊಂಡಿತು. ಕೆಳಗೆ ವ್ಯಾನು ಬಂದು ನಿಂತಿತ್ತು. ಜೀವಮಾನದಲ್ಲಿ ಯಾವುದಕ್ಕೂ ತಡಮಾಡದ ಶಾಹಿದಾ ಫೋನನ್ನು ಆರಿಸಿ ಜೇಬಿಗೆ ಹಾಕಿ, ಸ್ಕಾರ್ಫಿನ ತುದಿಯಿಂದ ಕಣ್ಣೊರೆಸಿಕೊಂಡು ಆ ಕಡೆ ತಿರುಗಿ ನಿಂತಳು. ಬಿಸಿಲು ಹಳದಿಯಾಯಿತು. ಜೆಸಿಂತ ಬಲದಡದಿಂದ ಮತ್ತೊಮ್ಮೆ ಎಡದಡದವರೆಗೆ ನೋಡಿದಳು.

"ಆಯ್ತು" ಎಂದಳು ಕೊನೆಗೆ. "ನೋಡಿದೆ."

ಇಷ್ಟಕ್ಕೇ ವ್ಯಾನು ಹತ್ತಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ ಮಾತು.

"ಮುಂದಿನ ಕಟ್ಟೆ ಎಷ್ಟು ದೂರ?"

ಇಬ್ಬರೂ ನನ್ನ ಕಡೆ ತಿರುಗಿದರು. "ನಿನಗೇನಾಯ್ತು?" ಎಂದಳು ಶಾಹಿದಾ.

"ಗುಡ್ಡ ಇದೆಯಾ ಹೇಳು."

"ಇಲ್ಲ, ಸಮತಟ್ಟು. ಆದ್ರೆ ಹೋಗೋಷ್ಟರಲ್ಲಿ ಸಂಜೆ ಆಗತ್ತೆ."

"ಸಂಜೆ ಆದ್ರೆ ನನಗೆ ಏನೂ ಕಾಣಲ್ಲ" ಎಂದಳು ಜೆಸಿಂತ. ಹೇಳಿ, ಕೈಯಲ್ಲಿದ್ದ ಹೆಲ್ಮೆಟ್ಟನ್ನು ತಲೆಗಿಟ್ಟುಕೊಂಡು ಪಟ್ಟಿ ಬಿಗಿದಳು. "ನಡೀರಿ."

ಶಾಹಿದಾ ವ್ಯಾನಿನವನಿಗೂ ಅಂಗಡಿಯವನಿಗೂ ಫೋನಿನ ಅನುವಾದದ ಮೂಲಕ ಏನೇನೋ ಹೇಳಿದಳು. ಸೈಕಲ್ಲನ್ನು ನಾಳೆ ಕೊಟ್ಟರೂ ಆಗುತ್ತದೆ ಎಂದರಂತೆ. ಹೊರಟೆವು. ಹಳ್ಳಿಗಳಲ್ಲಿ ದೀಪ ಹತ್ತಿತು. ಶಾಹಿದಾ ತನ್ನ ಸೈಕಲ್ಲಿನ ದೀಪ ಉರಿಸಿ ನಮ್ಮ ಮುಂದೆ ನಿಧಾನವಾಗಿ ಹೋಗುತ್ತಿದ್ದಳು. ಹಿಂದೆ ಕೂತವಳು ಒಂದೇ ಸಮನೆ ತುಳಿಯುತ್ತಿದ್ದಳು. ಅವಳ ಕಾಲಿನ ಬಲ ನನ್ನ ಪಾದಕ್ಕೆ ಬರುತ್ತಿತ್ತು.

ಎರಡನೆಯ ಕಟ್ಟೆಯ ಸೇತುವೆಗೆ ಬಂದಾಗ ಆಕಾಶದಲ್ಲಿ ಚೂರೇ ಚೂರು ಬೆಳಕಿತ್ತು. ಅವಳ ಕೈಯನ್ನು ಕಟಕಟೆಯ ಮೇಲಿಟ್ಟೆ. ಅವಳು ಕಣ್ಣು ಮುಚ್ಚಿ, ಮುಖವನ್ನು ನೀರಿನ ಕಡೆ ಬಾಗಿಸಿ ನಿಂತಳು. ಕತ್ತಲಲ್ಲಿ ನೀರು ಬೀಳುತ್ತಿತ್ತು.

"ಇದರ ಸದ್ದು ದಪ್ಪ" ಎಂದಳು. "ಮಧ್ಯದ ಬಾಗಿಲು ಸ್ವಲ್ಪ ಎತ್ತಿದಾರೆ. ಕೇಳ್ತಿದೆಯಾ? ಎರಡು ಕಡೆ ಬೇರೆ, ಮಧ್ಯ ಬೇರೆ."

ನಾವಿಬ್ಬರೂ ಕಿವಿಗೊಟ್ಟೆವು. ತುಂಬಾ ಹೊತ್ತಿನ ಮೇಲೆ ನನಗೂ ಕೇಳಿಸಿತು.

"ಈ ನದಿ ಮೇಲೆ ಇನ್ನೊಂದಿದೆಯಲ್ಲ?" ಎಂದಳು.

"ಇದೆ, ಇನ್ನೂ ಮೇಲೆ" ಎಂದಳು ಶಾಹಿದಾ.

"ಹಾಗಾದ್ರೆ ಇಲ್ಲೇ ಎಲ್ಲಾದ್ರೂ ರೂಮ್ ನೋಡು. ಬೆಳಕು ಹರಿಯೋ ಹೊತ್ತಿಗೆ ಇಬ್ರೂ ರೆಡಿ ಆಗಿರ್ಬೇಕು" ಎಂದು ಜೆಸಿಂತ ಹಿಂದಿನ ಸೀಟನ್ನು ಕೈಯಿಂದ ತಡಕಿ ಹತ್ತಿ ಕೂತಳು.